ಅಲಾಸಿಯಾ ಕತ್ತರಿಸಿದ ಚೂರು

ನಮ್ಮ ಟಂಕಸಾಲೆಯ ಗಂಡಸರಿಗೆಲ್ಲ ಕಿವಿ ಮಂದ. ಹನ್ನೆರಡನೇ ವಯಸ್ಸಿನಿಂದ ದಿನವಿಡೀ ಅಚ್ಚಿನ ಮೇಲೆ ಸುತ್ತಿಗೆ ಬಡಿದರೆ ಇನ್ನೇನಾಗುತ್ತದೆ? ಮನೆಯಲ್ಲೂ ಕಿರುಚಿಯೇ ಮಾತಾಡುತ್ತಾರೆ. ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳಲು ಹೋದರೆ ಇಡೀ ಚರ್ಚಿಗೆ ಕೇಳುತ್ತದೆ. ಕಿವಿ ನೆಟ್ಟಗಿರುವುದು ನಮಗೆ, ಕತ್ತರಿ ಹಿಡಿಯುವ ಹೆಂಗಸರಿಗೆ. ನಮಗೆ ಕೆಡುವುದು ಹೆಬ್ಬೆರಳು. ನನ್ನದನ್ನು ನೋಡಿ, ಬಾಗಿ ಬಾಗಿ ಕೊಕ್ಕೆಯಾಗಿದೆ. ಆದರೆ ನನ್ನದು ಎಡಗೈ ಹೆಬ್ಬೆರಳು. ನಾನು ಎಡಚಿ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನನಗೆ ಕತ್ತರಿ ಹಿಡಿಸಿದ ಅಲಾಸಿಯಕ್ಕ ತೀರಿಕೊಂಡು ಐದು ವರ್ಷವಾಯಿತು. ಅವಳ ಬಗ್ಗೆ ಯಾರೂ ಏನೂ ಬರೆದಿಡುವುದಿಲ್ಲ. ಪೋಪರ ಮುಖ ನಾಣ್ಯದ ಮೇಲಿದೆ, ಅವರ ಹೆಸರು ಅಂಚಿನ ಸುತ್ತ ಇದೆ. ಆ ಅಂಚನ್ನು ದುಂಡಗೆ ಕತ್ತರಿಸಿಕೊಟ್ಟವಳ ಹೆಸರು ಎಲ್ಲಿದೆ? ಹಾಗಾಗಿ ನಾನೇ ಹೇಳುತ್ತೇನೆ. ಇವತ್ತು ನಾನು ತಿನ್ನುವ ರೊಟ್ಟಿ, ಮೈಮೇಲಿನ ಬಟ್ಟೆ, ತಲೆಯ ಮೇಲಿನ ಸೂರು ಎಲ್ಲ ಅವಳ ಪುಣ್ಯ.

ಅವಳೇನು ಸಂತಳಲ್ಲ. ಗೊರಕೆ ಹೊಡೆಯುತ್ತಿದ್ದಳು. ಬೆಳ್ಳುಳ್ಳಿ ಅರೆದು ಎಣ್ಣೆಯಲ್ಲಿ ಕಲಸಿ ಮೂರು ಹೊತ್ತೂ ತಿಂದು ನನ್ನ ಮುಖದ ಮೇಲೇ ಉಸಿರು ಬಿಡುತ್ತಿದ್ದಳು. ಬಾಯಲ್ಲಿ ಒಂದು ಒಳ್ಳೆಯ ಮಾತು ಬರುತ್ತಿರಲಿಲ್ಲ. ಕೆಲಸ ಚೆನ್ನಾಗಿದ್ದರೆ "ಹೂಂ" ಅನ್ನುವಳು. ಚೆನ್ನಾಗಿಲ್ಲದಿದ್ದರೆ "ಜಾಸ್ತಿ ಇದೆ, ಕತ್ತರಿಸು" ಅನ್ನುವಳು. ಆ ಎರಡನೇ ಮಾತನ್ನು ಎಲ್ಲದಕ್ಕೂ ಬಳಸುವಳು. ಪಾದ್ರಿಯ ಉಪದೇಶ ಉದ್ದವಾದರೆ, ಪಕ್ಕದ ಮನೆಯವಳು ಗಂಡನ ಗುಣಗಾನ ಮಾಡಿದರೆ, ನಾನು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ, ಎಲ್ಲಕ್ಕೂ ಅದೇ.

ಟಂಕಸಾಲೆ ಆಗ ಸೋರ್ಗ ಹೊಳೆಯ ಸೇತುವೆ ಊರಿನಲ್ಲಿತ್ತು, ಪೋಪರ ಕೋಟೆಯ ಪಕ್ಕದಲ್ಲೇ. ಅಲ್ಲಿ ಬೆಂಚಿನ ಮೇಲೆ ಕೂರುವ ಹಕ್ಕು ರಕ್ತದಿಂದ ಬರಬೇಕು. ಟಂಕಸಾಲೆಯವರ ಮಗನಾದರೆ ಸುತ್ತಿಗೆ, ಮಗಳಾದರೆ ಕತ್ತರಿ. ಹೊರಗಿನವರು ಎಷ್ಟೇ ಜಾಣರಾದರೂ ಬಾಗಿಲ ಆಚೆ. ಅಲಾಸಿಯಕ್ಕನ ಅಮ್ಮ, ಅಜ್ಜಿ ಎಲ್ಲ ಕತ್ತರಿಯವರೇ. ಅವಳ ಸೊಂಟದಲ್ಲಿ ಸದಾ ತೂಗುತ್ತಿದ್ದ ಕತ್ತರಿ ಅಜ್ಜಿಯದು. ನಾನು ಹಾವುಮೀನು ಹಿಡಿಯುವವನ ಮಗಳು.

ಆಮೇಲೆ ಆ ಮಹಾಮಾರಿ ಬಂತು. ಒಂದು ಚಳಿಗಾಲ, ಒಂದು ಬೇಸಿಗೆ, ಅಷ್ಟೇ. ನನ್ನ ಅಪ್ಪ, ಅಮ್ಮ ಹೋದರು. ಅಲಾಸಿಯಕ್ಕನ ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಹೋದರು. ಟಂಕಸಾಲೆಯ ಅರ್ಧ ಬೆಂಚು ಖಾಲಿ. ಹದಿನಾಲ್ಕು ವರ್ಷದ ನಾನು ಅಪ್ಪನ ಅಂಗಡಿಯಲ್ಲಿ ಕೂತು ಹಾವುಮೀನು ತುಂಡು ಮಾಡಿ ಮಾರುತ್ತಿದ್ದೆ. ಒಂದು ಶುಕ್ರವಾರ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಂದಳು. ಎರಡು ತುಂಡು ಎತ್ತಿ ಒಂದೊಂದು ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ನಿಂತಳು. ಅವನ್ನು ಇಟ್ಟು ಇನ್ನೆರಡು ಎತ್ತಿದಳು.

"ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ಕೈ ತೆಗಿ" ಅಂದೆ ನಾನು.

"ಎಲ್ಲಾ ಒಂದೇ ತೂಕ ಇದೆ. ತಕ್ಕಡಿ ಎಲ್ಲಿ?"

"ತಕ್ಕಡಿ ಮಾರಿ ರೊಟ್ಟಿ ತಿಂದೆ."

"ಕಣ್ಣಳತೇಲೇ ಕತ್ತರಿಸ್ತೀಯಾ? ಅದೂ ಎಡಗೈಲಿ?"

"ಬಲಗೈಲಿ ನಿನ್ನಂಥೋರ್ನ ಓಡಿಸ್ಬೇಕಲ್ಲ."

ಅವಳು ನಗಲಿಲ್ಲ. "ಹೂಂ" ಅಂದಳು. ಮೀನು ಕೊಳ್ಳಲಿಲ್ಲ, ನನ್ನನ್ನೇ ಎಳೆದುಕೊಂಡು ಹೋದಳು.

ಟಂಕಸಾಲೆಯ ಯಜಮಾನರು ಪೊನ್ಸ್ ಎಂಬವರು. ಊರಿನಲ್ಲೇ ಅತಿ ದೊಡ್ಡ ಕಿವುಡರು. ಕೈ ಸಾಲದೆ ಒದ್ದಾಡುತ್ತಿದ್ದುದರಿಂದ ಒಪ್ಪಿಕೊಂಡರು, ಆದರೆ ಒಂದು ಷರತ್ತು ಹಾಕಿದರು. ಹೊರಗಿನವಳು ಕತ್ತರಿಸಿದ ಒಂದೇ ಒಂದು ನಾಣ್ಯ ತೂಕ ತಪ್ಪಿ ಹೊರಬಿದ್ದರೂ ಅವಳು ಬೆಂಚು ಬಿಟ್ಟು ಏಳಬೇಕು, ಮತ್ತೆ ಒಳಗೆ ಕಾಲಿಡುವಂತಿಲ್ಲ. ನನ್ನ ಎಡಗೈಗೆ ಟಂಕಸಾಲೆಯ ಯಾವ ಕತ್ತರಿಯೂ ಆಗಿಬರಲಿಲ್ಲ. ಅಲಾಸಿಯಕ್ಕ ತನ್ನ ಮದುವೆಯ ಸೊಂಟಪಟ್ಟಿಯ ಬೆಳ್ಳಿ ಕೊಂಡಿಯನ್ನು ಬಿಚ್ಚಿ ಕಮ್ಮಾರನಿಗೆ ಕೊಟ್ಟು ಅಲಗುಗಳನ್ನು ಅದಲುಬದಲು ಮಾಡಿದ ಕತ್ತರಿ ಮಾಡಿಸಿದಳು. ಅದು ಇವತ್ತಿಗೂ ನನ್ನ ಹತ್ತಿರ ಇದೆ. ಕತ್ತರಿಸಿದ ಅಂಚಿನಲ್ಲಿ ಗರಗು ಅಂತ ಸಣ್ಣ ಒರಟು ಏಳುತ್ತದೆ. ಉಳಿದವರು ಕತ್ತರಿಸಿದರೆ ಅದು ಮೇಲ್ಮುಖ, ನಾನು ಕತ್ತರಿಸಿದರೆ ಕೆಳಮುಖ. ಸುತ್ತಿಗೆ ಬಿದ್ದ ಮೇಲೂ ಹೆಬ್ಬೆರಳು ಆಡಿಸಿದರೆ ತಿಳಿಯುತ್ತದೆ.

ನಮ್ಮ ಕೆಲಸ ಕೇಳಲು ಸುಲಭ. ಬೆಳ್ಳಿ ತಗಡಿನಿಂದ ಬಿಲ್ಲೆ ಕತ್ತರಿಸಬೇಕು, ತೂಗಬೇಕು, ಜಾಸ್ತಿಯಿದ್ದರೆ ಅಂಚಿನಿಂದ ಒಂದು ಎಳೆ ತೆಗೆಯಬೇಕು. ಕಡಿಮೆಯಾಯಿತೋ, ಕಳ್ಳತನ. ಜನರಿಗೆ ಪೋಪರೇ ಮೋಸ ಮಾಡಿದಂತೆ. ಜಾಸ್ತಿಯಾಯಿತೋ, ಪೇಟೆಯ ನಾಣ್ಯ ಬದಲಾಯಿಸುವವರು ಹೆಚ್ಚು ತೂಕದ ನಾಣ್ಯಗಳನ್ನೇ ಆರಿಸಿ ಕರಗಿಸಿ ದುಡ್ಡು ಮಾಡುತ್ತಾರೆ. ಎರಡೂ ತಪ್ಪೇ. ಎರಡು ವರ್ಷ ನನ್ನ ಒಂದು ಬಿಲ್ಲೆಯೂ ತಪ್ಪಲಿಲ್ಲ. ಯಜಮಾನರು ಎಷ್ಟೇ ಸಲ ಹಿಡಿ ತುಂಬಿಕೊಂಡು ತಕ್ಕಡಿಗೆ ಹಾಕಿದರೂ ಮುಳ್ಳು ನಡುವೆಯೇ ನಿಲ್ಲುತ್ತಿತ್ತು. ನನ್ನ ಕೈ ದೇವರು ಕೊಟ್ಟ ಕೈ ಅಂತ ಬೀಗಿದ್ದೇ ಬೀಗಿದ್ದು. ಮೂರು ತಲೆಮಾರಿನವರಿಗೇ "ನಿಮ್ದು ರಕ್ತ, ನಂದು ಕೈ" ಅನ್ನುತ್ತಿದ್ದೆ. ಅಲಾಸಿಯಕ್ಕ ಕೇಳಿಯೂ ಕೇಳದವಳಂತೆ ಇರುತ್ತಿದ್ದಳು.

ಈಸ್ಟರಿನ ಮುಂಚಿನ ಉಪವಾಸದ ದಿನಗಳು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಕಡಲೆಕಾಳಿನ ಗಂಜಿ ಕುಡಿದು ಕುಡಿದು ನಾಲಿಗೆ ಸತ್ತಿತ್ತು. ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಹಾವುಮೀನು ತರಲು ಪೇಟೆಗೆ ಹೋದೆವು. ನನ್ನ ಅಪ್ಪನ ಅಂಗಡಿಯನ್ನು ಆಗ ಮಾಬಿಲಾ ಎಂಬವಳು ನಡೆಸುತ್ತಿದ್ದಳು. ಅವಳ ಗಂಟಲು ಸೇತುವೆಯ ಆಚೆ ದಡಕ್ಕೂ ಕೇಳುತ್ತದೆ. ಅಲಾಸಿಯಕ್ಕ ಸಂಬಳದಲ್ಲಿ ಬಂದಿದ್ದ ಒಂದು ಗ್ರೋಸ್ ತೆಗೆದಳು. ಸಿಂಹಾಸನದ ಮೇಲೆ ಕೂತ ಪೋಪರಿರುವ ಹೊಸ ಬೆಳ್ಳಿ ನಾಣ್ಯ. ಅದನ್ನು ಮಾಬಿಲಾಳ ಕೈಗೆ ಕೊಡಲು ಹೋದವಳು ತಡೆದಳು. ಹೆಬ್ಬೆರಳು ಅಂಚಿನ ಸುತ್ತ ಒಂದು ಸುತ್ತು ಬಂತು. ಕಣ್ಣು ಬೇರೆಲ್ಲೋ ಇತ್ತು, ಯಾವ ಮೀನು ಆರಿಸಲಿ ಅಂತ ಬುಟ್ಟಿಯನ್ನು ನೋಡುತ್ತಿದ್ದಳು. ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು, ಕತ್ತರಿ ಬಂತು.

ಕಚಕ್.

ಕೂದಲಿನಷ್ಟು ಬೆಳ್ಳಿ ಮೀನಿನ ಬುಟ್ಟಿಗೆ ಬಿತ್ತು.

"ಅಯ್ಯೋ ದೇವರೇ!" ಮಾಬಿಲಾ ಕಿರುಚಿದಳು. "ಪೋಪರ ನಾಣ್ಯ ಕತ್ತರಿಸಿದ್ಲು! ನನ್ ಕಣ್ಣೆದುರಿಗೇ ಕತ್ತರಿಸಿದ್ಲು! ನಾನ್ ಮುಟ್ಟಿಲ್ಲಪ್ಪ, ಎಲ್ಲಾರೂ ನೋಡಿದೀರ, ನನ್ ಕೈ ಇಲ್ಲಿದೆ, ನಾನ್ ಮುಟ್ಟೇ ಇಲ್ಲ!"

ಅವಳಿಗೆ ಹೆದರಿಕೆ, ಪಾಪ. ಅಂಚು ಕತ್ತರಿಸಿದ ನಾಣ್ಯ ಯಾರ ಕೈಯಲ್ಲಿ ಸಿಕ್ಕರೆ ಅವರಿಗೇ ಗಂಡಾಂತರ. ಕತ್ತರಿಸಿದವರಿಗಂತೂ ಶಿಕ್ಷೆ ಗೊತ್ತೇ ಇದೆ, ಮಣಿಕಟ್ಟಿನವರೆಗೆ ಕೈ ಹೋಗುತ್ತದೆ. ಅಲಾಸಿಯಕ್ಕ ಎರಡು ಕೈಯನ್ನೂ ನೋಡಿಕೊಂಡಳು. ಒಂದರಲ್ಲಿ ಕತ್ತರಿ, ಇನ್ನೊಂದರಲ್ಲಿ ನಾಣ್ಯ. ಎಲ್ಲೋ ನಿದ್ದೆಯಲ್ಲಿ ನಡೆದು ಬಂದವಳ ಹಾಗೆ ಅವಳ ಮುಖ ಬಿಳುಚಿಕೊಂಡಿತು.

ಪೇಟೆಯ ಕಾವಲಿನವನು ಓಡಿಬಂದು ಅವಳ ರಟ್ಟೆ ಹಿಡಿದ. ಕೋಟೆಯ ನ್ಯಾಯಾಧೀಶರ ಹತ್ತಿರ ಎಳೆದುಕೊಂಡು ಹೊರಟ. ನಾನು ಎದ್ದೆನೋ ಬಿದ್ದೆನೋ ಅಂತ ಟಂಕಸಾಲೆಗೆ ಓಡಿದೆ. ಸುತ್ತಿಗೆಯವರ ಮುಂದೆ ನಿಂತು ಕಿರುಚಿದರೆ ಯಾರಿಗೂ ಕೇಳಲಿಲ್ಲ! ಕೊನೆಗೆ ಯಜಮಾನರ ತೋಳು ಜಗ್ಗಿ, ಕೈ ಕತ್ತರಿಸುವ ಹಾಗೆ ಅಭಿನಯಿಸಿ, ಅಲಾಸಿಯಕ್ಕನ ಬೆಂಚು ತೋರಿಸಿದೆ. ಮರುಗಳಿಗೆಯಲ್ಲಿ ಇಪ್ಪತ್ತು ಗಂಡಸರು ಸುತ್ತಿಗೆ ಸಮೇತ ಸೇತುವೆಯ ಮೇಲಿದ್ದರು.

"ಟಂಕಸಾಲೆಯವರ ತಪ್ಪನ್ನ ಟಂಕಸಾಲೆಯವರೇ ವಿಚಾರಿಸ್ತಾರೆ!" ಯಜಮಾನ ಪೊನ್ಸ್ ಗುಡುಗಿದರು. "ಕೊಲೆ ಮಾಡಿದಾಳಾ? ಮನೆಗೆ ಕನ್ನ ಹಾಕಿದಾಳಾ? ಇಲ್ಲ ತಾನೆ? ಬಿಡು ಕೈನ!"

ಕಾವಲಿನವನು ಏನೋ ಕಾನೂನು ಹೇಳಿದ.

"ಏನಂದೆ?" ಅಂದರು ಯಜಮಾನರು. ಅವನು ಮತ್ತೆ ಹೇಳಿದ. "ಏನಂದೆ? ಜೋರಾಗ್ ಹೇಳು!" ನಾಲ್ಕು ಸಲ ಹೀಗಾದ ಮೇಲೆ ಅವನು ಬೇಸತ್ತು ರಟ್ಟೆ ಬಿಟ್ಟ. ನಾಣ್ಯವನ್ನು ಯಜಮಾನರ ಕೈಗೆ ಹಾಕಿ, "ಶಿಕ್ಷೆ ಆಗ್ಲಿಲ್ಲಾಂದ್ರೆ ಕೋಟೆಗೆ ದೂರು ಕೊಡ್ತೀನಿ" ಎಂದು ಹಿಂದೆಯೇ ಬಂದ. ಮಾಬಿಲಾ ಮೀನಿನ ಅಂಗಡಿ ಬಿಟ್ಟು ಸಾಕ್ಷಿ ಹೇಳಲು ಬಂದಳು.

ವಿಚಾರಣೆ ನಮ್ಮ ಕೆಲಸದ ಕೋಣೆಯಲ್ಲೇ ನಡೆಯಿತು. ಅಲಾಸಿಯಕ್ಕ ತನ್ನ ಬೆಂಚಿನ ಮುಂದೆ ನಿಂತಳು.

"ಕತ್ತರಿಸಿದ್ಯಾ?" ಯಜಮಾನರು ಕೇಳಿದರು.

"ಕತ್ತರಿಸಿದೆ."

"ಯಾಕೆ?"

ಅವಳು ಅಜ್ಜಿಯ ಕತ್ತರಿಯನ್ನು ಬೆಂಚಿನ ಮೇಲಿಟ್ಟಳು.

"ಅಲಾಸಿಯಾ, ಮೂವತ್ತು ವರ್ಷದಿಂದ ನೋಡ್ತಿದೀನಿ ನಿನ್ನ. ಒಂದು ಕಾಳು ಬೆಳ್ಳಿಗೆ ಆಸೆ ಪಟ್ಟೋಳಲ್ಲ ನೀನು. ಯಾಕೆ ಕತ್ತರಿಸಿದೆ, ಅದನ್ನ ಹೇಳು."

"ಕೈ ಮಾಡ್ತು. ನಾನ್ ಮಾಡ್ಲಿಲ್ಲ. ತಗೊಳೋದಾದ್ರೆ ಕೈ ತಗೊಳ್ಳಿ" ಅಂದಳು. ಬಲಗೈಯನ್ನು ಬೆಂಚಿನ ಮೇಲೆ, ಕತ್ತರಿಸುವ ಮರದ ಕೊರಡಿನ ಮೇಲೆ ಇಟ್ಟಳು. ದೇವರಾಣೆ, ಹಾಗೇ ಇಟ್ಟಳು. ಮಾಬಿಲಾ ಕೂಡ ಬಾಯಿ ಮುಚ್ಚಿದಳು.

ಕೈ ಹೋದರೆ ಕತ್ತರಿಯವಳ ಬದುಕೇ ಹೋದಂತೆ. ಗಂಡನಿಲ್ಲ, ಮಕ್ಕಳಿಲ್ಲ, ಕೈಯೂ ಇಲ್ಲದ ಮೇಲೆ ಚರ್ಚಿನ ಮೆಟ್ಟಿಲಲ್ಲಿ ಬಟ್ಟಲು ಹಿಡಿಯಬೇಕು. ಇವಳಿಗೇನು ಹುಚ್ಚೇ? ಯಾಕೆ ಬಾಯಿ ಬಿಡುತ್ತಿಲ್ಲ? ನಾನು ನೂಕಿಕೊಂಡು ಮುಂದೆ ಹೋದೆ. ಯಜಮಾನರ ಅಂಗೈಯಲ್ಲಿದ್ದ ನಾಣ್ಯ ಆಗ ಕಣ್ಣಿಗೆ ಬಿತ್ತು. ಕೈ ಚಾಚಿ ಅಂಚು ಮುಟ್ಟಿದೆ. ಹೊಸದಾಗಿ ಕತ್ತರಿಸಿದ ಒಂದು ಕಡೆ ಬಿಟ್ಟರೆ ಉಳಿದ ಅಂಚಿನ ಗರಗೆಲ್ಲ ಕೆಳಮುಖ.

ನಾನು ಕತ್ತರಿಸಿದ ನಾಣ್ಯ.

 ಅವಳು ಅಂಚು ತೆಗೆದಿದ್ದಾಳೆ ಅಂದರೆ ಅದು ಜಾಸ್ತಿ ಇತ್ತು. ಜಾಸ್ತಿ ಇದ್ದ ನಾಣ್ಯ ನನ್ನ ಕೈಯಿಂದ ಹೊರಬಿದ್ದಿತ್ತು. ಆ ಮಾತು ಬಾಯಿಂದ ಬಂದರೆ ನಾನು ಬೆಂಚು ಬಿಟ್ಟು ಏಳಬೇಕು. ಅದಕ್ಕೇ ಅವಳ ಬಾಯಿಗೆ ಬೀಗ. ನಾನು ಬಾಯಿ ತೆರೆಯುವುದನ್ನು ನೋಡಿ ಅಲಾಸಿಯಕ್ಕ ನನ್ನ ಕಾಲು ತುಳಿದಳು. ಮರದ ತಳದ ಚಪ್ಪಲಿ, ಹೆಬ್ಬೆರಳಿನ ಉಗುರು ಆಮೇಲೆ ಕಪ್ಪಾಗಿ ಉದುರಿಯೇ ಹೋಯಿತು.

"ತೂಗಿ!" ನಾನು ಕಿರುಚಿದೆ. "ಅದನ್ನ ತೂಗಿ ಯಜಮಾನ್ರೇ! ಅದು ನಂದು! ಎಡಗೈದು! ನಾನೇ ಜಾಸ್ತಿ ಬಿಟ್ಟಿದ್ದೆ!"

"ಏನಂತೆ?"

"ತೂ-ಗಿ!"

ಸಣ್ಣ ತಕ್ಕಡಿ ಬಂತು. ಒಂದು ತಟ್ಟೆಗೆ ಸರಿತೂಕದ ಗುಂಡು, ಇನ್ನೊಂದಕ್ಕೆ ಆ ಗ್ರೋಸ್. ಮುಳ್ಳು ಈಕಡೆ ಆಡಿತು, ಆಕಡೆ ಆಡಿತು, ನಡುವೆ ನಿಂತಿತು. ಯಜಮಾನರು ತಟ್ಟೆಗಳನ್ನು ಅದಲುಬದಲು ಮಾಡಿ ಮತ್ತೆ ತೂಗಿದರು. ಮತ್ತೆ ನಡುವೆ. ಕಾವಲಿನವನನ್ನು ಕರೆದು ತೋರಿಸಿದರು. ಕಣ್ಣು ಮೀನಿನ ಮೇಲೆ, ನಿಂತ ನಿಲುವಿನಲ್ಲಿ, ತಕ್ಕಡಿಯಿಲ್ಲದೆ ಕತ್ತರಿಸಿದ್ದು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಪೋಪರದ್ದು ಪೋಪರಿಗೆ ಪೂರ್ತಿ ಇದೆ" ಅಂದರು ಯಜಮಾನರು. "ಇದು ಕಳ್ಳತನ ಅಲ್ಲ. ಆದ್ರೆ ಹುಚ್ಚಿ, ಪೇಟೆ ನಡುವೆ ಯಾರಾದ್ರೂ ಹೀಗ್ ಮಾಡ್ತಾರಾ?"

ಆಗ ಕುಲುಮೆಯ ಜೌಫ್ರೆ ಮುಂದೆ ಬಂದ. ಬೆಂಕಿಯ ಹತ್ತಿರ ಕೆಲಸ ಮಾಡುವವನು, ಸುತ್ತಿಗೆ ಹಿಡಿದವನಲ್ಲ, ಕಿವಿಯೂ ನಾಲಿಗೆಯೂ ಚುರುಕು. "ಅವಳ ಕೈಗೆ ದಿನಾ ಅದೇ ಅಭ್ಯಾಸ ಅಲ್ವಾ ಯಜಮಾನ್ರೇ" ಅಂದ. "ಈ ಎಡಚಿ ಎಲ್ಲಾ ಬಿಲ್ಲೇನೂ ಜಾಸ್ತಿ ಬಿಡ್ತಾಳೆ. ಎಲ್ಲಾನೂ! ಎರಡು ವರ್ಷದಿಂದ. ಕೆಲಸದ ಗಂಟೆ ಹೊಡೆದು ಇವಳು ಮನೆಗೆ ಹೋದ್ಮೇಲೆ ಅಲಾಸಿಯಾ ಕೂತು ಒಂದೊಂದನ್ನೂ ಮುಟ್ಟಿ ನೋಡಿ ಸರಿ ಮಾಡಿಡ್ತಾಳೆ. ಹೋದ ತಿಂಗಳು ಹಲ್ಲು ಕೀಳಿಸೋಕೆ ಕ್ಷೌರಿಕನ ಹತ್ರ ಹೋದ್ಲಲ್ಲ, ಅದೊಂದಿನ ಕೂರ್ಲಿಲ್ಲ. ಅವತ್ತಿಂದೇ ಇರ್ಬೇಕು ಇದು."

 ದೇವರು ಕೊಟ್ಟ ಕೈ ಅಂತ ಬೀಗಿದ್ದೆನಲ್ಲ! ಸಂಜೆಯಾದರೆ "ನೀನ್ ನಡಿ, ಒಲೆ ಹಚ್ಚು, ನಂಗೆ ಕೆಲ್ಸ ಇದೆ" ಅನ್ನುತ್ತಿದ್ದಳು. ವಯಸ್ಸಾಯಿತು, ನಿಧಾನ, ನನ್ನಷ್ಟು ಚುರುಕಿಲ್ಲ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದೇನು, ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ. ನಾಚಿಕೆಯಿಂದ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಹಾಗಾದ್ರೆ ಷರತ್ತು ಷರತ್ತೇ" ಯಜಮಾನರು ನನ್ನ ಕಡೆ ತಿರುಗಿದರು. ದನಿ ಕಠಿಣವಾಗಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಹೊರಗಿನವಳ ನಾಣ್ಯ ತೂಕ ತಪ್ಪಿದೆ. ಬೆಂಚು ಬಿಡಮ್ಮ."

"ಎಲ್ಲಿ ತಪ್ಪಿದೆ?" ಅಂದಳು ಅಲಾಸಿಯಕ್ಕ.

"ಏನು?"

"ಎಲ್ಲಿ ತಪ್ಪಿದೆ ಅಂದೆ! ತಕ್ಕಡೀಲಿ ಇದೆಯಲ್ಲ, ಎಲ್ಲಾರೂ ನೋಡಿದಾರೆ. ಈಗ ತಾನೆ ನಿಮ್ಮ ಬಾಯಿಂದಾನೇ ಪೂರ್ತಿ ಇದೆ ಅಂದ್ರಿ. ತಪ್ಪಿದ ನಾಣ್ಯ ಇದ್ರೆ ತೋರ್ಸಿ, ಇಬ್ರೂ ಎದ್ದು ಹೋಗ್ತೀವಿ."

 ಮೊದಲು ಜೌಫ್ರೆ ನಕ್ಕ. ಆಮೇಲೆ ಕೇಳಿಸಿದವರು ಕೇಳಿಸದವರಿಗೆ ಕಿವಿಯಲ್ಲಿ ಕೂಗಿ ಹೇಳಿದರು, ಅವರೂ ನಕ್ಕರು. ಸುದ್ದಿ ಕೊನೆಗೆ ಯಜಮಾನರಿಗೆ ತಲುಪಿದಾಗ ಅವರು ಹೊಟ್ಟೆ ಹಿಡಿದುಕೊಂಡರು. ಕಾವಲಿನವನಿಗೆ ಒಂದು ಬಟ್ಟಲು ದ್ರಾಕ್ಷಾರಸ ಕೊಟ್ಟು ಕಳಿಸಿದರು. ಅಲಾಸಿಯಕ್ಕನಿಗೆ ಒಂದೇ ಶಿಕ್ಷೆ, ಇನ್ನು ಮುಂದೆ ಅಜ್ಜಿಯ ಕತ್ತರಿಯನ್ನು ಬಾಗಿಲ ಮೊಳೆಗೆ ನೇತುಹಾಕಿಯೇ ಮನೆಗೆ ಹೋಗಬೇಕು. ಮಾಬಿಲಾ ಮಾತ್ರ "ಅಂಗಡಿ ಬಿಟ್ಟು ಬಂದೆ, ನನ್ ಮೀನಿನ ವ್ಯಾಪಾರದ ದುಡ್ಡು?" ಅಂತ ನಿಂತಿದ್ದಳು. ತಕ್ಕಡಿಯಲ್ಲಿದ್ದ ಗ್ರೋಸನ್ನೇ ಅವಳಿಗೆ ಕೊಟ್ಟರು. ಅವಳು ಅದನ್ನು ಮೂರು ಸಲ ತಿರುಗಿಸಿ ನೋಡಿ ಸೊಂಟದ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ನಾನು ಅಳುತ್ತಿದ್ದೆ. "ಯಾಕಕ್ಕ ಹೇಳ್ಲಿಲ್ಲ ನಂಗೆ? ಎರಡು ವರ್ಷ!"

"ಹೇಳಿದ್ರೆ ಇನ್ನೂ ಹೆದರ್ತಿದ್ದೆ. ಹೆದರಿಕೆಗೇ ಅಲ್ವಾ ಜಾಸ್ತಿ ಬಿಡ್ತಿದ್ದಿದ್ದು? ಹೊರಗಿನವಳು, ಕಡಿಮೆ ಆದ್ರೆ ಕಳ್ಳಿ ಅಂತಾರೆ ಅಂತ."

ಅದು ನಿಜವಾಗಿತ್ತು. ನನಗೇ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.

"ಕೈ ಹೋಗಿದ್ರೆ ಏನ್ ಮಾಡ್ತಿದ್ದೆ?"

"ನೀನು ಹಾವುಮೀನು ಕತ್ತರಿಸಿ ಹಾಕ್ತಿದ್ದೆ, ನಾನು ಒಂದು ಕೈಲಿ ತಿಂತಿದ್ದೆ. ಅಳು ಜಾಸ್ತಿ ಆಯ್ತು, ಕತ್ತರಿಸು."

ಮಾರನೇ ದಿನದಿಂದ ನಾನು ಹೆದರದೆ ಕತ್ತರಿಸಿದೆ. ಒಂದು ತಿಂಗಳು ಸಂಜೆ ಅವಳು ಪಕ್ಕದಲ್ಲಿ ಕೈಕಟ್ಟಿ ಕೂತಳು, ನಾನೇ ತೂಗಿದೆ, ನಾನೇ ತೆಗೆದೆ. ಆಮೇಲೆ ಅದೂ ಬೇಕಾಗಲಿಲ್ಲ.

ಕೆಲವು ವರ್ಷದಲ್ಲಿ ಟಂಕಸಾಲೆ ಪೋಪರ ಅರಮನೆಯಿರುವ ಅವಿನ್ಯೋನಿಗೆ ಬಂತು. ಬೆಂಚುಗಳನ್ನೆಲ್ಲ ಗಾಡಿಗೆ ಹೇರಿಕೊಂಡು ನಾವೂ ಬಂದೆವು, ಬಾಗಿಲ ಮೊಳೆ ಸಮೇತ. ಇಬ್ಬರು ಪೋಪರು ತೀರಿಕೊಂಡರು, ಅಚ್ಚಿನ ಮೇಲಿನ ಹೆಸರು ಬದಲಾಯಿತು. ನಾವು ಕೂತಲ್ಲೇ ಕೂತೆವು. ನನಗೆ ಮದುವೆಯ ಮಾತು ಬಂದಾಗ ಅಮ್ಮನ ಜಾಗದಲ್ಲಿ ಕೂತು ಹುಡುಗನ ಕಡೆಯವರನ್ನು ಜಾಲಾಡಿದವಳು ಅವಳೇ. ನನ್ನ ಹೆರಿಗೆಯಲ್ಲಿ ಮಗುವನ್ನು ಎತ್ತಿ ಎರಡು ಅಂಗೈಯಲ್ಲಿ ತೂಗಿ "ಹೂಂ" ಅಂದವಳೂ ಅವಳೇ.

ಎಪ್ಪತ್ತು ಸಮೀಪಿಸಿದಾಗ ಅವಳ ಕಣ್ಣು ಮಂಜಾಯಿತು. ಆಮೇಲೆ ಅಂಗೈ ಕೂಡ. ಒಂದು ಸಂಜೆ ಅವಳು ಹೋದ ಮೇಲೆ ಅವಳ ಬುಟ್ಟಿಯ ಬಿಲ್ಲೆಗಳನ್ನು ಸುಮ್ಮನೆ ಮುಟ್ಟಿ ನೋಡಿದೆ. ಹಗುರ. ತೂಗಿದರೆ ಒಂದೊಂದೂ ಕಡಿಮೆ. ಕಡಿಮೆ ಬಿಲ್ಲೆಗೆ ಮದ್ದಿಲ್ಲ, ಅದು ಕಳ್ಳತನವೆಂದೇ ಲೆಕ್ಕ. ಮೂವರು ಯಜಮಾನರ ಕಾಲದಲ್ಲಿ ಒಂದು ತಪ್ಪು ಮಾಡದವಳನ್ನು ಬೆಂಚಿನಿಂದ ಎಬ್ಬಿಸುತ್ತಾರೆ. ಬೆಂಚಿಲ್ಲದೆ ಅವಳು ಒಂದು ತಿಂಗಳೂ ಬದುಕುವವಳಲ್ಲ.

ಬುಟ್ಟಿಯನ್ನು ಎತ್ತಿ ಜೌಫ್ರೆಯ ಮೂಸೆಗೆ ಸುರಿದೆ. ಮುದುಕನಾಗಿದ್ದ, ಆದರೂ ಕುಲುಮೆ ಬಿಟ್ಟಿರಲಿಲ್ಲ. ಏನೂ ಕೇಳದೆ ಕರಗಿಸಿದ. "ಈ ಬೆಂಚಿನ ಹಣೆಬರಹಾನೇ ಇದು" ಅಂತ ಗೊಣಗಿ ಬೆಳಿಗ್ಗೆಗೆ ತಗಡು ಮಾಡಿಕೊಟ್ಟ. ಬೆಳಗ್ಗೆ ಬೇಗ ಬಂದು ಅಷ್ಟನ್ನೂ ನಾನು ಕತ್ತರಿಸಿ ಅವಳ ಬುಟ್ಟಿಯಲ್ಲಿಟ್ಟೆ. ಅಲ್ಲಿಂದ ಮುಂದೆ ದಿನವೂ ಹಾಗೆಯೇ. ಅವಳಿಗೆ ಏನೂ ತಿಳಿದಿಲ್ಲ ಅಂದುಕೊಂಡಿದ್ದೆ. ನನ್ನ ಬುದ್ಧಿ ಎಂದೂ ಅಷ್ಟೇ.

ಕೊನೆಯ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಅವಳ ಕೊನೆಯ ಸಂಬಳ ತಂದು ಕೈಗಿಟ್ಟೆ, ಅವಳ ಬುಟ್ಟಿಯ ಬಿಲ್ಲೆಗಳಿಂದಲೇ ಅಚ್ಚಾದ ಹೊಸ ಗ್ರೋಸ್‌ಗಳು. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಒಂದನ್ನು ಹಿಡಿದು ಅಂಚಿನ ಸುತ್ತ ಹೆಬ್ಬೆರಳು ಆಡಿಸಿದಳು. ಇನ್ನೊಂದನ್ನು ಹಿಡಿದಳು. ಮತ್ತೊಂದು.

"ಗರಗೆಲ್ಲ ಕೆಳಗಿದೆ" ಅಂದಳು. "ಎಲ್ಲಾ ಎಡಗೈದೇ."

ನಾನು ಅವಳ ಹೊದಿಕೆ ಸರಿಮಾಡಿದೆ.

"ಬುಟ್ಟೀಲೂ ಹಂಗೇ ಇರ್ತಿತ್ತು. ತೂಕ ಗೊತ್ತಾಗಲ್ಲ ನಂಗೀಗ, ಗರಗು ಗೊತ್ತಾಗುತ್ತೆ ಕಣೇ. ಎಷ್ಟು ವರ್ಷ ಆಯ್ತು?"

"ಮೂರು ವರ್ಷ ಅಕ್ಕ."

ತುಟಿಯಲ್ಲೇ ಎಣಿಸಿದಳು. ಆಮೇಲೆ ನಕ್ಕಳು. ಅವಳ ಜೊತೆ ಇದ್ದ ಇಪ್ಪತ್ತನಾಲ್ಕು ವರ್ಷದಲ್ಲಿ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾನ್ ಮಾಡಿದ್ದು ಎರಡೇ ವರ್ಷ. ಒಂದು ಜಾಸ್ತಿ ಆಯ್ತು. ಕತ್ತರಿಸು."

ನಾನು ಕತ್ತರಿಸಿಲ್ಲ. ಆ ಒಂದು ವರ್ಷ ಹಾಗೇ ಇರಲಿ.